ಕಡಲಹಂದಿಯ ಜೊತೆ ಈಜಲು ಹೊರಟವರು

ಕಳೆದ ಡಿಸೆಂಬರಿನಲ್ಲಿ ಗಲ್ಫಿನಿಂದ ರಜೆಗೆಂದು ಮಂಗಳೂರಿಗೆ ಬಂದ ಅಕ್ಕ ನನಗೊಂದು ಕೆಲಸವನ್ನೂ ಹೊತ್ತು ತಂದಿದ್ದಳು. ಜನವರಿಯಲ್ಲಿ ಅವಳ ಮಗಳಿಗೆ ಒಂಬತ್ತು ತುಂಬುತ್ತದೆ. ಆ ದಿನಕ್ಕೆಂದು ಒಂದು ರೆಸಾರ್ಟಿನಲ್ಲಿ ಡಾಲ್ಫಿನ್ ಜೊತೆ ಈಜುವ ಟಿಕೆಟ್ ಕಾದಿರಿಸಿಯಾಗಿತ್ತು. ಅಷ್ಟರೊಳಗೆ ಮಗುವಿಗೆ ನೀರಿನ ಹೆದರಿಕೆ ಹೋಗಬೇಕು. "ನೀನು ಹೇಗೂ ಥೀಸಿಸ್ ಬರೀತೇನೆ ಅಂತ ಮನೆಯಲ್ಲೇ ಇರ್ತೀಯಲ್ಲ. ಬೆಳಿಗ್ಗೆ ಅವಳನ್ನು ಮಂಗಳಾ ಈಜುಕೊಳಕ್ಕೆ ಕರ್ಕೊಂಡು ಹೋಗು. ಹಾಗೆಯೇ ಡಾಲ್ಫಿನ್ನಿನ ನಾಲ್ಕು ಒಳ್ಳೆ ಕತೆ ಹೇಳು, ಧೈರ್ಯ ಬರ್ಲಿ" ಎಂದಳು.

ರೆಸಾರ್ಟಿನವರು ಕಳಿಸಿದ್ದ ಸಿದ್ಧತೆಯ ಪಟ್ಟಿಯನ್ನು ಅವಳು ನನ್ನ ಫೋನಿಗೂ ದಾಟಿಸಿದಳು. ಉಗುರು ಕತ್ತರಿಸಿರಬೇಕು. ಉಂಗುರ, ಬಳೆ, ಕಿವಿಯೋಲೆ ಇರಬಾರದು. ಬಿಸಿಲಿಗೆ ಹಚ್ಚುವ ಕ್ರೀಮು ಬಳಿದುಕೊಂಡು ನೀರಿಗಿಳಿಯಬಾರದು. ತೇಲುಜಾಕೆಟ್ ಕಡ್ಡಾಯ. ತರಬೇತುದಾರ ಹೇಳುವ ತನಕ ಪ್ರಾಣಿಯನ್ನು ಮುಟ್ಟುವಂತಿಲ್ಲ. ಹೀಗೆ ಒಟ್ಟು ಹನ್ನೊಂದು ಅಂಶ. ಕರಾವಳಿಯ ಬಂದರುಗಳ ಚರಿತ್ರೆಯನ್ನು ಓದುತ್ತಿರುವ ನನಗೆ ಹಳೆಯ ಕಾಗದಗಳ ಸಹವಾಸದಿಂದ ಅಂಟಿಕೊಂಡ ಒಂದು ಚಾಳಿಯಿದೆ. ಯಾವ ಪಟ್ಟಿ ಕಣ್ಣಿಗೆ ಬಿದ್ದರೂ ಅದರಲ್ಲಿ ಯಾರಿದ್ದಾರೆ ಎಂದು ನೋಡಿದ ಮೇಲೆ ಯಾರಿಲ್ಲ ಎಂದೂ ನೋಡುತ್ತೇನೆ. ಹನ್ನೊಂದೂ ಅಂಶಗಳು ಈಜಲು ಬರುವ ಮನುಷ್ಯನ ಬಗ್ಗೆ ಇದ್ದವು. ಡಾಲ್ಫಿನ್ ಈ ಭೇಟಿಗೆ ಹೇಗೆ ಸಿದ್ಧವಾಯಿತು, ಎಲ್ಲಿಂದ ಬಂತು, ಅದರ ಹೆಸರೇನು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

ಆ ಕಾಣದ ಸಾಲನ್ನು ಹುಡುಕುತ್ತಾ ಹೋದದ್ದೇ ಈ ಬರಹ.

*

ಡಾಲ್ಫಿನ್ ಜೊತೆ ಮಕ್ಕಳು ಈಜಿದ ಕತೆ ಹುಡುಕುವವರಿಗೆ ಬೇಗನೆ ಸಿಗುವುದು ರೋಮನ್ ಲೇಖಕ ಕಿರಿಯ ಪ್ಲಿನಿಯ ಒಂದು ಪತ್ರ. ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿ ತನ್ನ ಕವಿಮಿತ್ರನಿಗೆ ಬರೆದದ್ದು. ಇಂದಿನ ಟುನೀಶಿಯಾದ ಕಡಲತೀರದಲ್ಲಿದ್ದ ಹಿಪ್ಪೋ ಎಂಬ ಊರು. ಅಲ್ಲಿನ ಹುಡುಗರಿಗೆ ದಡದಿಂದ ಅತಿ ದೂರ ಈಜಿ ಹೋಗುವವನೇ ಶೂರ. ಒಂದು ದಿನ ಹಾಗೆ ದೂರ ಹೋದ ಹುಡುಗನಿಗೆ ಡಾಲ್ಫಿನ್ ಎದುರಾಯಿತು. ಅವನ ಮುಂದೆ ಈಜಿತು, ಹಿಂದೆ ಬಂತು, ಸುತ್ತು ಹಾಕಿತು, ಕೊನೆಗೆ ಕೆಳಗೆ ಹೋಗಿ ಬೆನ್ನ ಮೇಲೆ ಹೊತ್ತು ಆಳಕ್ಕೊಯ್ದು ಮತ್ತೆ ದಡಕ್ಕೆ ತಂದು ಬಿಟ್ಟಿತು. ಮರುದಿನ ಊರೇ ಸಮುದ್ರಕ್ಕೆ ಬಂತು. ಮೊದಮೊದಲು ಹೆದರಿದವರು ತಮ್ಮ ಹೆದರಿಕೆಗೆ ನಾಚಿ ನೀರಿಗಿಳಿದು ಅದನ್ನು ಮುಟ್ಟಿದರು. ಅದರ ಜೊತೆ ಇನ್ನೊಂದು ಡಾಲ್ಫಿನ್ ಬರುತ್ತಿತ್ತು. ಅದು ಆಟಕ್ಕೆ ಸೇರದೆ ಬರೀ ನೋಡುತ್ತಿತ್ತು ಎಂದೂ ಪ್ಲಿನಿ ಬರೆಯುತ್ತಾನೆ.

ಇಷ್ಟನ್ನು ಲೇಡಿಹಿಲ್‌ನಿಂದ ಮನೆಗೆ ಬರುವ ರಿಕ್ಷಾದಲ್ಲಿ ಹೇಳಿದೆ. ಒದ್ದೆ ಕೂದಲಿನ ಮಗು ಬಾಯಿ ತೆರೆದುಕೊಂಡು ಕೇಳಿತು. "ಮತ್ತೆ ಎಂತಾಯ್ತು ಚಿಕ್ಕಿ?"

ಮತ್ತೆ ಆದದ್ದನ್ನು ಹೇಳಲು ನನಗೆ ಎರಡು ದಿನ ಬೇಕಾಯಿತು. ಡಾಲ್ಫಿನ್ ದಡಕ್ಕೆ ಬಂದಿದ್ದಾಗ ರೋಮನ್ ಅಧಿಕಾರಿಯೊಬ್ಬ ಅದನ್ನು ದೈವವೆಂದು ಭಾವಿಸಿಯೋ ಏನೋ, ಅದರ ಮೇಲೆ ಪರಿಮಳದ ಎಣ್ಣೆ ಸುರಿಸಿದ. ಆ ಹೊಸ ವಾಸನೆಗೆ ಬೆದರಿ ಅದು ಆಳಕ್ಕೆ ಓಡಿತು. ಎಷ್ಟೋ ದಿನಗಳ ನಂತರ ಬಳಲಿದ ಹಾಗೆ ಕಾಣಿಸಿಕೊಂಡು, ನಿಧಾನಕ್ಕೆ ಮೊದಲಿನ ಆಟಕ್ಕೆ ಮರಳಿತು. ಸುದ್ದಿ ಹಬ್ಬಿ, ನೋಡಲೆಂದು ಪ್ರಾಂತದ ಅಧಿಕಾರಿಗಳೆಲ್ಲ ಬರತೊಡಗಿದರು. ಅವರ ಊಟ, ವಸತಿ, ಉಪಚಾರದ ಖರ್ಚು ಸಣ್ಣ ಊರಿನ ತಲೆಗೆ ಬಂತು. ಊರಿನ ನೆಮ್ಮದಿಯೂ ಹೋಯಿತು. ಕೊನೆಗೆ ಜನ ಸೇರಿ ಒಂದು ತೀರ್ಮಾನಕ್ಕೆ ಬಂದರು. ಇಷ್ಟೆಲ್ಲ ಜನರನ್ನು ಎಳೆದು ತರುತ್ತಿದ್ದ ಆ ಪ್ರಾಣಿಯನ್ನು ಗುಟ್ಟಾಗಿ ಕೊಂದು ಹಾಕಿದರು.

ಸಾವಿರದ ಒಂಬೈನೂರು ವರ್ಷ ಹಳೆಯ ಈ ಪತ್ರದಲ್ಲಿ ಇಂದಿನ ಪ್ರವಾಸೋದ್ಯಮದ ಎಲ್ಲ ಪಾತ್ರಗಳೂ ಇವೆ. ಧೈರ್ಯವಂತ ಹುಡುಗ, ಮುಟ್ಟಲು ಮುಗಿಬಿದ್ದ ಜನ, ಮೈಗೆ ಏನೋ ಬಳಿದ ದೊಡ್ಡ ಮನುಷ್ಯ, ಖರ್ಚಿನ ಲೆಕ್ಕ. ರೆಸಾರ್ಟಿನ ಪಟ್ಟಿಯಲ್ಲಿದ್ದ ಕ್ರೀಮಿನ ನಿಯಮ ಓದಿದಾಗಲೆಲ್ಲ ನನಗೆ ಆ ಪರಿಮಳದ ಎಣ್ಣೆಯ ನೆನಪಾಗುತ್ತದೆ.

ಕೊಂದ ಭಾಗ ಕೇಳಿ ಮಗು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ, "ನೋಡಲಿಕ್ಕೆ ಬಂದವರಿಗೆ ಬರ್ಬೇಡಿ ಅಂತ ಹೇಳ್ಬಹುದಿತ್ತಲ್ಲ?" ಎಂದಿತು. ಇತಿಹಾಸದಲ್ಲಿ ಅಂಥದ್ದೊಂದು ಪ್ರಯತ್ನ ನಡೆದಿದೆ. 1955–56ರ ಬೇಸಿಗೆಯಲ್ಲಿ ನ್ಯೂಜಿಲೆಂಡಿನ ಓಪೊನೋನಿ ಎಂಬ ಹಳ್ಳಿಯ ತೀರಕ್ಕೆ ಎಳೆಯ ಡಾಲ್ಫಿನ್ ಒಂದು ಬಂದು ಮಕ್ಕಳ ಜೊತೆ ಆಡತೊಡಗಿತು. ಚೆಂಡನ್ನು ಮೂತಿಯಿಂದ ಎಸೆಯುತ್ತಿತ್ತು. ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಳ್ಳುತ್ತಿತ್ತು. ಊರಿನವರು ಅದನ್ನು 'ಓಪೋ' ಎಂದು ಕರೆದರು. ಸಾವಿರಾರು ಜನ ಬರಲಾರಂಭಿಸಿದಾಗ, ಅದಕ್ಕೆ ತೊಂದರೆ ಕೊಡಬಾರದೆಂದು ಸರ್ಕಾರ ಕಾನೂನು ತಂದಿತು. ಕಾನೂನು ಜಾರಿಗೆ ಬಂದದ್ದು 1956ರ ಮಾರ್ಚ್ 8ರಂದು. ಮರುದಿನ ಓಪೋ ಬಂಡೆಗಳ ಸಂದಿನಲ್ಲಿ ಸತ್ತು ಸಿಕ್ಕಿತು.

*

ಹಿಪ್ಪೋದ ಡಾಲ್ಫಿನ್ ಆಗಲಿ ಓಪೋ ಆಗಲಿ ತಾವಾಗಿ ಬಂದವು. ಬೇಡವೆನಿಸಿದರೆ ಆಳಕ್ಕೆ ಹೋಗುವ ದಾರಿ ಅವುಗಳಿಗಿತ್ತು. ಆ ದಾರಿ ಮುಚ್ಚಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1938ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 'ಮರೀನ್ ಸ್ಟುಡಿಯೋಸ್' ಎಂಬ ಸಂಸ್ಥೆ ತೆರೆಯಿತು. ಹೆಸರೇ ಹೇಳುವಂತೆ ಅದರ ಉದ್ದೇಶಗಳಲ್ಲೊಂದು ನೀರೊಳಗಿನ ದೃಶ್ಯಗಳ ಚಿತ್ರೀಕರಣ. ಸಿನಿಮಾಕ್ಕಿಂತ ತೊಟ್ಟಿಯಲ್ಲಿದ್ದ ಡಾಲ್ಫಿನ್‌ಗಳನ್ನು ನೋಡಲು ಜನ ಹೆಚ್ಚು ಬಂದರು. ಮುಂದೆ ಅದು 'ಮರೀನ್‌ಲ್ಯಾಂಡ್' ಆಯಿತು. 1960ರ ದಶಕದಲ್ಲಿ 'ಫ್ಲಿಪ್ಪರ್' ಸಿನಿಮಾ, ಅದರ ಬೆನ್ನಿಗೆ ಟೀವಿ ಧಾರಾವಾಹಿ ಬಂದವು. ಅವು ಡಾಲ್ಫಿನ್ ಎಂದರೆ ಮಕ್ಕಳ ಗೆಳೆಯ ಎಂಬ ಚಿತ್ರವನ್ನು ಮನೆಮನೆಗೆ ತಂದವು. ಆ ಧಾರಾವಾಹಿಗೆ ಡಾಲ್ಫಿನ್‌ಗಳನ್ನು ಪಳಗಿಸಿದ್ದ ರಿಕ್ ಓಬ್ಯಾರಿ, ತಾನು ಪಳಗಿಸಿದ್ದ ಡಾಲ್ಫಿನ್ ಒಂದು ತೊಟ್ಟಿಯಲ್ಲಿ ತನ್ನ ತೋಳಿನಲ್ಲೇ ಸತ್ತ ಮೇಲೆ, 1970ರಿಂದ ಅವುಗಳ ಬಿಡುಗಡೆಗೆ ಹೋರಾಡುವವನಾದ. ಜಪಾನಿನ ತಾಯ್ಜಿಯಲ್ಲಿ ಡಾಲ್ಫಿನ್ ಹಿಂಡುಗಳನ್ನು ಕೊಲ್ಲಿಗೆ ಅಟ್ಟಿ, ಕೆಲವನ್ನು ಪಾರ್ಕುಗಳಿಗಾಗಿ ಆರಿಸಿ, ಉಳಿದವನ್ನು ಕೊಲ್ಲುವುದನ್ನು ತೋರಿಸಿದ 2009ರ 'ದ ಕೋವ್' ಸಾಕ್ಷ್ಯಚಿತ್ರದಲ್ಲಿ ಕಾಣುವ ಮುದುಕ ಅವನೇ.

ಇದೇ ಹೊತ್ತಿಗೆ ವಿಜ್ಞಾನವೂ ಡಾಲ್ಫಿನ್ನಿನ ಬೆನ್ನು ಹತ್ತಿತ್ತು. ಜಾನ್ ಲಿಲ್ಲಿ ಎಂಬ ಅಮೆರಿಕದ ವೈದ್ಯ, ಡಾಲ್ಫಿನ್‌ಗೆ ಇಂಗ್ಲಿಷ್ ಕಲಿಸಲು ಹೊರಟವನು. 1965ರಲ್ಲಿ ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪದಲ್ಲಿ ಅವನು ಒಂದು ಮನೆಯೊಳಗೆ ನೀರು ತುಂಬಿಸಿದ. ಅಲ್ಲಿ ಮಾರ್ಗರೆಟ್ ಹೋವ್ ಎಂಬ ತರುಣಿ ಪೀಟರ್ ಎಂಬ ಡಾಲ್ಫಿನ್ ಜೊತೆ ಹತ್ತು ವಾರ ಹಗಲಿರುಳು ಕಳೆದಳು. ಮನುಷ್ಯರ ಮಾತನ್ನು ಡಾಲ್ಫಿನ್ ಕಲಿಯಲಿಲ್ಲ. ಪ್ರಯೋಗ ನಿಂತಿತು, ಪೀಟರ್ ಇನ್ನೊಂದು ಪ್ರಯೋಗಾಲಯದ ಸಣ್ಣ ತೊಟ್ಟಿಗೆ ಹೋದ, ಹೆಚ್ಚು ದಿನ ಬದುಕಲಿಲ್ಲ. ಆದರೆ ಡಾಲ್ಫಿನ್ ಜೊತೆ ನೀರಿನಲ್ಲಿ ಇರುವುದೇ ಒಂದು ಅಲೌಕಿಕ ಅನುಭವ ಎಂಬ ನಂಬಿಕೆ ಆ ದಶಕದಲ್ಲಿ ಬೇರೂರಿತು. 1980ರ ದಶಕದಲ್ಲಿ ಅದು ಟಿಕೆಟಿನ ರೂಪ ಪಡೆಯಿತು.

ಡಾಲ್ಫಿನ್‌ಗಳಿಗೆ ಅವುಗಳದೇ ಹೆಸರುಗಳಿವೆ ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಪ್ರತಿಯೊಂದು ಬಾಟಲ್‌ಮೂತಿಯ ಡಾಲ್ಫಿನ್ನಿಗೂ ತನ್ನದೇ ಆದ ಒಂದು ಸಿಳ್ಳೆ ಇರುತ್ತದೆ. ಆ ಸಿಳ್ಳೆಯನ್ನು ಧ್ವನಿಮುದ್ರಿಸಿ ಕೇಳಿಸಿದರೆ, ಹೆಸರು ಹಿಡಿದು ಕರೆದಾಗ ನಾವು ಓಗೊಡುವಂತೆ ಅದು ತಿರುಗಿ ಅದೇ ಸಿಳ್ಳೆ ಹಾಕುತ್ತದೆ ಎಂದು ಸ್ಟೆಫನಿ ಕಿಂಗ್ ಮತ್ತು ವಿನ್ಸೆಂಟ್ ಯಾನಿಕ್ ಎಂಬ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಇದನ್ನು ಹೇಳಿದ ದಿನ ಮಗು ಮನೆಯಿಡೀ ಸಿಳ್ಳೆ ಹಾಕುತ್ತಾ ತಿರುಗಿ ಅಮ್ಮನ ಕೈಲಿ ಬೈಸಿಕೊಂಡಿತು.

ಕಾಕತಾಳೀಯವೆಂಬಂತೆ ಅದೇ 2013ರಲ್ಲಿ ಭಾರತ ಒಂದು ನಿರ್ಧಾರ ತೆಗೆದುಕೊಂಡಿತು. 1990ರ ದಶಕದ ಕೊನೆಯಲ್ಲಿ ಬಲ್ಗೇರಿಯಾದಿಂದ ಚೆನ್ನೈ ಬಳಿಯ ಪಾರ್ಕೊಂದಕ್ಕೆ ತಂದಿದ್ದ ಡಾಲ್ಫಿನ್‌ಗಳು ತಿಂಗಳುಗಳೊಳಗೆ ಸತ್ತಿದ್ದವು. ಆದರೂ ಕೇರಳ, ಮಹಾರಾಷ್ಟ್ರಗಳಲ್ಲಿ ಡಾಲ್ಫಿನ್ ಪಾರ್ಕುಗಳ ಹೊಸ ಪ್ರಸ್ತಾಪಗಳು ಎದ್ದವು, ವಿರೋಧವೂ ಎದ್ದಿತು. 2013ರ ಮೇ 17ರಂದು ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಮನರಂಜನೆಗೆ ಡಾಲ್ಫಿನ್‌ಗಳನ್ನು ಸೆರೆಯಲ್ಲಿಡುವ ಯಾವ ಯೋಜನೆಗೂ ರಾಜ್ಯಗಳು ಅನುಮತಿ ಕೊಡಬಾರದೆಂದು ಹೇಳಿತು. ಇವುಗಳನ್ನು 'ಮನುಷ್ಯರಲ್ಲದ ವ್ಯಕ್ತಿಗಳು' ಎಂದು ಕಾಣಬೇಕು ಎಂಬ ಮಾತೂ ಆ ಸುತ್ತೋಲೆಯಲ್ಲಿತ್ತು. ಹೀಗಾಗಿ ಅಕ್ಕ ಕಾದಿರಿಸಿದಂಥ ಈಜು ನಮ್ಮ ದೇಶದಲ್ಲಿ ಸಿಗುವುದಿಲ್ಲ. ಅದಕ್ಕೆ ವಿಮಾನ ಹತ್ತಬೇಕು.

ತೆರೆದ ಕಡಲಿನಲ್ಲೂ ಈಗ ಗೆರೆಗಳು ಬಿದ್ದಿವೆ. ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್‌ನಲ್ಲಿ ಬಾಟಲ್‌ಮೂತಿಯ ಡಾಲ್ಫಿನ್‌ಗಳ ಸಂಖ್ಯೆ ಕುಸಿದದ್ದರಿಂದ 2019ರಲ್ಲಿ ಪ್ರವಾಸಿಗರು ಅವುಗಳ ಜೊತೆ ಈಜುವುದನ್ನು ನಿಲ್ಲಿಸಿದರು. ಹವಾಯಿಯಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿ ಆಳದಲ್ಲಿ ಬೇಟೆಯಾಡಿ ಹಗಲು ದಡದ ಹತ್ತಿರ ವಿಶ್ರಮಿಸುತ್ತವೆ. ಈಜಲು ಬಂದವರಿಂದ ಅವುಗಳ ನಿದ್ದೆ ಕೆಡುತ್ತಿತ್ತು. 2021ರಿಂದ ಅಲ್ಲಿ 50 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ.

*

ಇಷ್ಟೆಲ್ಲ ಓದುವಾಗ ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಈ ಪ್ರಾಣಿಗೆ ಏನು ಸ್ಥಾನವಿತ್ತು? ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಕೆತ್ತಿಸಿದ ಐದನೆಯ ಸ್ತಂಭಶಾಸನದಲ್ಲಿ ಅಶೋಕ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ಬರುವ 'ಗಂಗಾಪುಪುಟಕ' ಎಂದರೆ ಗಂಗೆಯ ಡಾಲ್ಫಿನ್ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಸಂಸ್ಕೃತದ 'ಶಿಶುಮಾರ' ಪದ ಕೆಲವೆಡೆ ಮೊಸಳೆಗೆ, ಕೆಲವೆಡೆ ಡಾಲ್ಫಿನ್ನಿನಂಥ ಜಲಚರಕ್ಕೆ ಸಲ್ಲುತ್ತದೆ. ಭಾಗವತದ ಐದನೆಯ ಸ್ಕಂಧದಲ್ಲಿ ನಕ್ಷತ್ರಲೋಕವೇ ಶಿಶುಮಾರದ ಆಕಾರದಲ್ಲಿದೆ, ಅದರ ಬಾಲದ ತುದಿಯಲ್ಲಿ ಧ್ರುವನಿದ್ದಾನೆ. ನಾವು ಧನಿಷ್ಠಾ ಎನ್ನುವ ನಕ್ಷತ್ರಪುಂಜವನ್ನು ಗ್ರೀಕರು ಡಾಲ್ಫಿನ್ ಎಂದೇ ಕರೆದರು.

ಆಕಾಶದಿಂದ ಕೆಳಗಿಳಿದರೆ ಹೆಸರೂ ಇಳಿಯುತ್ತದೆ. ಕನ್ನಡದ ನಿಘಂಟುಗಳಲ್ಲಿ ಸಿಗುವುದು 'ಕಡಲಹಂದಿ'. ಮಲಯಾಳ, ತಮಿಳಿನಲ್ಲೂ 'ಕಡಲ್ ಪನ್ನಿ'. ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ನದಿಗಳಲ್ಲಿರುವ ಈ ಪ್ರಾಣಿಯನ್ನು 'ನೀರಹಂದಿ' ಎಂದ. ಇಂಗ್ಲಿಷಿನ 'ಪೋರ್ಪಸ್' ಕೂಡ ಲ್ಯಾಟಿನ್ನಿನ 'ಹಂದಿಮೀನು' ಎಂಬ ಪದದಿಂದ ಬಂದದ್ದು. ದುಂಡು ಮೈ, ಚಾಚಿದ ಮೂತಿ, ದಪ್ಪ ಕೊಬ್ಬಿನ ಪದರ ನೋಡಿದ ಜನ ಇಷ್ಟೊಂದು ಭಾಷೆಗಳಲ್ಲಿ ಒಂದೇ ಹೋಲಿಕೆಗೆ ಬಂದರು. ದಿನವೂ ನೋಡುವವರು ಇಟ್ಟ ಹೆಸರದು. ಅದರಲ್ಲಿ ಭಕ್ತಿಯೂ ಇಲ್ಲ, ಮುದ್ದೂ ಇಲ್ಲ.

ನಮ್ಮ ಈ ಕಡಲಹಂದಿಗೆ ವಿಜ್ಞಾನದ ಹೆಸರು ಸಿಕ್ಕಿದ್ದೂ ನಮ್ಮ ತೀರದಿಂದಲೇ. ದ್ಯುಸುಮಿಯೇ ಎಂಬ ಫ್ರೆಂಚ್ ವ್ಯಾಪಾರಿ, ಹಡಗಿನಲ್ಲಿ ಸರಕಿನ ಜೊತೆ ಪ್ರಾಣಿಗಳ ಮಾದರಿಗಳನ್ನೂ ಸಂಗ್ರಹಿಸುತ್ತಿದ್ದವನು. ಅವನು ಮಲಬಾರ್ ತೀರದಿಂದ ಒದಗಿಸಿದ ಮಾದರಿಯನ್ನು ಆಧರಿಸಿ, 1829ರಲ್ಲಿ ಪ್ಯಾರಿಸಿನ ಜಾರ್ಜ್ ಕ್ಯೂವಿಯೇ ಇದಕ್ಕೆ 'ಪ್ಲಂಬಿಯಸ್' ಎಂದರೆ ಸೀಸದ ಬಣ್ಣದ್ದು ಎಂದು ಹೆಸರಿಟ್ಟ. ಬೆನ್ನಿನ ಮೇಲೆ ದಿಬ್ಬದಂಥ ಗೂನು, ಅದರ ಮೇಲೊಂದು ಸಣ್ಣ ಈಜುರೆಕ್ಕೆ ಇರುವ ಜಾತಿ ಇದು. ಇದು ಆಳಕಡಲಿಗೆ ಹೋಗುವುದು ಕಡಿಮೆ. ದಡದಂಚಿನ ಆಳವಿಲ್ಲದ ನೀರು, ನದಿಗಳ ಅಳಿವೆಗಳೇ ಇದರ ಮನೆ. ಬಂದರು ಕಟ್ಟುವುದೂ ಬಲೆ ಬಿಡುವುದೂ ಅಲ್ಲಿಯೇ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಅದೇ ದಶಕದಲ್ಲಿ ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿಯ ಜಾಗಕ್ಕೆ ಪರ್ಸಿನ್ ಬೋಟುಗಳು ಬಂದವು. ಭಾರತದ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿಯ ಸಾಲಿನಲ್ಲಿ, ಇದಕ್ಕೂ ಜಾಗವಿದೆ. ಜಾಗತಿಕ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಜೀವಿ.

*

ಕ್ರಿಸ್‌ಮಸ್ ಕಳೆದ ಒಂದು ಬೆಳಿಗ್ಗೆ, ಈಜು ತಪ್ಪಿಸಿ, ಮಗುವನ್ನು ಕರೆದುಕೊಂಡು ಬಂದರಿನ ಕಡವಿನಿಂದ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ನೇತ್ರಾವತಿ, ಗುರುಪುರ ನದಿಗಳೆರಡೂ ಒಟ್ಟಿಗೆ ಸಮುದ್ರ ಸೇರುವ ಅಳಿವೆ ಬಾಗಿಲಿನ ಹತ್ತಿರ, ಕಲ್ಲಿನ ತಡೆಗೋಡೆಯ ಮೇಲೆ ಕುಳಿತೆವು. ನನ್ನ ಸಂಶೋಧನೆಗಾಗಿ ಎಷ್ಟೋ ಸಲ ಮಾತಾಡಿಸಿದ್ದ ಒಬ್ಬರು ಹಳೆಯ ತಂಡೇಲರು ಜೊತೆಗಿದ್ದರು. ನಲವತ್ತು ವರ್ಷ ಬೋಟು ನಡೆಸಿದವರು. ಡಾಲ್ಫಿನ್ ಜೊತೆ ಈಜಲು ಈ ಹುಡುಗಿ ದೂರದ ಊರಿಗೆ ಹೋಗುತ್ತಾಳೆ ಎಂದೆ. ಅವರು ಅವಳನ್ನೂ ನನ್ನನ್ನೂ ನೋಡಿ, "ಅದರೊಟ್ಟಿಗೆ ಈಜುದಾ? ಎಂತಕ್ಕೆ?" ಎಂದರು.

ಅವರ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಅರ್ಥವಾಗಿರಲಿಲ್ಲ. ಅವರಿಗೆ ಅದು ಕಡಲಿನಲ್ಲಿ ಇನ್ನೊಬ್ಬ ಪಾಲುದಾರ. "ಬೂತಾಯಿ ನಮಗೂ ಬೇಕು, ಅದಕ್ಕೂ ಬೇಕು. ಬಲೆ ಹರಿದರೆ ಬೈತೇವೆ. ಬಲೆಗೆ ಬಿದ್ದರೆ ಬಿಡಿಸ್ತೇವೆ, ಜೀವ ಇದ್ರೆ." ಕೊನೆಯ ಎರಡು ಪದಗಳನ್ನು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಬಲೆಯಲ್ಲಿ ಸಿಕ್ಕ ಡಾಲ್ಫಿನ್ನಿಗೆ ಮೇಲೆ ಬಂದು ಉಸಿರೆಳೆಯಲಾಗದಿದ್ದರೆ ಅದು ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ನಮ್ಮ ಮನೆಯ ಬಂಗುಡೆ ಗಸಿಗೂ ಆ ಬಲೆಗೂ ಸಂಬಂಧವಿದೆ. ತೊಟ್ಟಿ ಕಟ್ಟಿದವರನ್ನು ದೂರುವಾಗ ನಾನು ಇದನ್ನು ಮರೆಯುವಂತಿಲ್ಲ.

ಸುಮಾರು ಒಂದು ಗಂಟೆ ಏನೂ ಕಾಣಲಿಲ್ಲ. ಮಗುವಿಗೆ ಬೇಸರ ಬಂದು ಕಲ್ಲಿನ ಸಂದಿನ ಏಡಿ ನೋಡುತ್ತಿತ್ತು. ಆಗ ತಂಡೇಲರು ಕೈ ಚಾಚಿದರು. ದೂರದಲ್ಲಿ ಬೂದು ಬೆನ್ನೊಂದು ಎದ್ದು ಮುಳುಗಿತು, ಅದರ ಹಿಂದೆ ಇನ್ನೊಂದು ಚಿಕ್ಕದು. ಅವು ಹಾರಲಿಲ್ಲ, ನಮ್ಮ ಕಡೆ ನೋಡಲಿಲ್ಲ. ನಾಲ್ಕೈದು ಸಲ ಉಸಿರೆಳೆದು ಒಳಗೆ ಹೋದವು.

"ಇಷ್ಟೇಯಾ?" ಎಂದು ಕೇಳಿತು ಮಗು. ಸ್ವಲ್ಪ ಹೊತ್ತಾದ ಮೇಲೆ, "ಅವು ನಗ್ತಾ ಇದ್ದದ್ದು ಕಾಣ್ಲೇ ಇಲ್ಲ" ಎಂದಿತು. ಅದು ನಗುವಲ್ಲ, ದವಡೆಯ ಆಕಾರವೇ ಹಾಗೆ, ಸತ್ತಾಗಲೂ ಹಾಗೆಯೇ ಇರುತ್ತದೆ ಎಂದು ವಿವರಿಸಿದೆ. ಹೇಳಬಾರದಿತ್ತೇನೋ.

ಆ ರಾತ್ರಿ ಅಕ್ಕ ನನ್ನ ಕೋಣೆಗೆ ಬಂದಳು. "ಅವಳು ಈಗ ಹೋಗುದಿಲ್ಲ ಅಂತಾಳೆ. ದುಡ್ಡು ವಾಪಸ್ ಬರುದಿಲ್ಲ ಮಾರಾಯ್ತಿ. ಧೈರ್ಯ ಕೊಡು ಅಂದ್ರೆ ನೀನು ಎಂತ ಮಾಡಿದ್ದು?" ಅವಳ ಸಿಟ್ಟು ನ್ಯಾಯವಾದದ್ದೇ. ವರ್ಷಕ್ಕೊಂದು ಸಲ ರಜೆ ಸಿಗುವ ಅವಳು ಮಗಳಿಗೊಂದು ಖುಷಿ ಕೊಡಲು ತಿಂಗಳುಗಟ್ಟಲೆ ಕೂಡಿಟ್ಟ ಹಣವದು. ಗ್ರಂಥಾಲಯದಲ್ಲಿ ಕೂತವಳಿಗೆ ತತ್ವ ಹೇಳುವುದು ಸುಲಭ. ಹೋಗಬೇಕೋ ಬೇಡವೋ ಎಂದು ನಾನು ಹೇಳುವುದಿಲ್ಲ, ನೀವಿಬ್ಬರೇ ಮಾತಾಡಿಕೊಳ್ಳಿ ಎಂದೆ. ಮಗುವಿಗೆ ಮಾತ್ರ, ಹೋಗುವುದಾದರೆ ರೆಸಾರ್ಟಿನ ಪಟ್ಟಿಯ ಕೊನೆಗೆ ಹನ್ನೆರಡನೆಯ ಅಂಶವೊಂದನ್ನು ಸೇರಿಸಿಕೋ ಎಂದು ಹೇಳಿದೆ: ಡಾಲ್ಫಿನ್ ಎಲ್ಲಿಂದ ಬಂತೆಂದು ಕೇಳಬೇಕು. ಅವಳು ಅದನ್ನು ತನ್ನ ಡ್ರಾಯಿಂಗ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಅವರು ಹೋದರು. ಜನವರಿಯ ಆ ಸಂಜೆ ಅಕ್ಕ ಕಳಿಸಿದ ಫೋಟೋದಲ್ಲಿ ಮಗು ಹಳದಿ ಜಾಕೆಟ್ ತೊಟ್ಟು ನೀರಿನಲ್ಲಿ ನಿಂತಿದೆ. ಅದರ ಅಂಗೈ ಡಾಲ್ಫಿನ್ನಿನ ಮೂತಿಯ ಮೇಲಿದೆ. ಮುಖದಲ್ಲಿ ಸುಳ್ಳಿಲ್ಲದ ಖುಷಿ. ರಾತ್ರಿ ಅವಳೇ ಫೋನ್ ಮಾಡಿದಳು. ಮೈ ಹೇಗೆ ಮೊಟ್ಟೆಯ ಸಿಪ್ಪೆ ತೆಗೆದ ಹಾಗೆ ನುಣುಪಾಗಿತ್ತು, ಅದು ಹೇಗೆ ಉಫ್ ಎಂದು ಮುಖಕ್ಕೆ ನೀರು ಹಾರಿಸಿತು ಎಂದೆಲ್ಲ ಹೇಳಿದಳು. ಆಮೇಲೆ ದನಿ ಇಳಿಸಿದಳು.

"ಕೇಳಿದೆ ಚಿಕ್ಕಿ. ಅದು ಅಲ್ಲೇ, ಆ ಕೊಳದಲ್ಲೇ ಹುಟ್ಟಿದ್ದಂತೆ. ಅದಕ್ಕೆ ಸಮುದ್ರ ಗೊತ್ತೇ ಇಲ್ಲ."

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಬೆಂಗ್ರೆಯಲ್ಲಿ ಕಂಡ ಚಿಕ್ಕದರ ನೆನಪು ಅವಳಿಗೂ ಬಂದಿರಬೇಕು. ಬರುವ ಡಿಸೆಂಬರಿನಲ್ಲಿ ಇನ್ನೊಮ್ಮೆ ಅಳಿವೆ ಬಾಗಿಲಿಗೆ ಹೋಗುವ ಎಂದಳು. ಈ ಸಲ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಾಯಲು ತಯಾರಾಗಿ ಬರುತ್ತಾಳಂತೆ.